ಪಾಳಿಪಟ್ಟಿ: ಗೋಡೆಯಿಂದ ಗಣಕಯಂತ್ರಕ್ಕೆ

ಗಿರಣಿಗಳ ಊರಾದ ಸೊಲ್ಲಾಪುರಕ್ಕೆ ‘ಪಾಳಿ’ ಹೊಸ ಮಾತಲ್ಲ. 1877ರಲ್ಲಿ ಆರಂಭವಾದ ಹಳೆಯ ಗಿರಣಿಯ ಕಾಲದಿಂದಲೂ ಭೋಂಗಾದ ಸದ್ದಿಗೆ ದಿನಚರಿಯನ್ನು ಹೊಂದಿಸಿಕೊಂಡ ಊರು ಇದು. ಗಿರಣಿಯ ಪಾಳಿ ತಪ್ಪಿದರೆ ಮಗ್ಗ ನಿಲ್ಲುತ್ತದೆ. ವೃದ್ಧಾಶ್ರಮದ ಪಾಳಿ ತಪ್ಪಿದರೆ ಹಾಸಿಗೆ ಹಿಡಿದ ಹಿರಿಯರ ಮಗ್ಗುಲು ಬದಲಿಸುವವರೇ ಇಲ್ಲವಾಗುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯವಿರಬೇಕೆಂದು ಬಯಸುತ್ತದೆ. ಅಂತಹ ಆಶ್ರಯದ ಆರೈಕೆ ಪಾಳಿಪಟ್ಟಿಯನ್ನೇ ಅವಲಂಬಿಸಿದೆ.

ದಿನಕ್ಕೆ ಮೂರರಂತೆ ವಾರಕ್ಕೆ 21 ಪಾಳಿಗಳು. ಒಬ್ಬರು ವಾರಕ್ಕೆ ಆರು ಪಾಳಿ, ಅಂದರೆ 48 ಗಂಟೆ ದುಡಿದರೆ, ಒಂದು ಜಾಗವನ್ನು ಹಗಲಿರುಳು ತುಂಬಲು ಮೂರೂವರೆ ಜನ ಬೇಕು. ಏಕಕಾಲಕ್ಕೆ ಇಬ್ಬರಿರಬೇಕಾದರೆ ಏಳು ಜನ. ಇದರಲ್ಲಿ ಕಾಯಿಲೆಯ ರಜೆಯಾಗಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಎಲ್ಲರೂ ಒಮ್ಮೆಲೇ ಕೇಳುವ ಸೂಟಿಯಾಗಲಿ ಸೇರಿಲ್ಲ.

ಕಾಗದದ ಪಟ್ಟಿಯ ದೋಷ ರಾತ್ರಿಪಾಳಿಯಲ್ಲಿ ಎದ್ದು ಕಾಣುತ್ತದೆ. ಸೋಮವಾರ ರಾತ್ರಿ 10ಕ್ಕೆ ಬಂದವರು ಮನೆಗೆ ಹೊರಡುವುದು ಮಂಗಳವಾರ ಬೆಳಿಗ್ಗೆ 6ಕ್ಕೆ. ಅವರನ್ನೇ ಮಂಗಳವಾರ ಮಧ್ಯಾಹ್ನ 2ರ ಪಾಳಿಗೆ ಬರೆದರೂ ಪಟ್ಟಿಯಲ್ಲಿ ತಪ್ಪು ತೋರುವುದಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ದಿನದ ಮನೆಗಳಲ್ಲಿವೆ. ನಡುವೆ ಇರುವುದು ಎಂಟೇ ಗಂಟೆ. ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೋಗಿ ಬರುವವರಿಗೆ ನಿದ್ದೆಗೆ ಉಳಿಯುವ ವೇಳೆ ಅತ್ಯಲ್ಪ. ಎರಡು ಪಾಳಿಗಳ ನಡುವೆ ಇಷ್ಟು ಗಂಟೆಯ ವಿರಾಮವಿರಲೇಬೇಕೆಂಬ ನಿಯಮವನ್ನು ಒಮ್ಮೆ ತುಂಬಿಸಿಟ್ಟರೆ, ಗಣಕಯಂತ್ರವು ಅಂತಹ ನೇಮಕವನ್ನು ಕೂಡಲೇ ತಡೆಯುತ್ತದೆ. ಯಾರು ಯಾವಾಗ ಪಾಳಿ ಬದಲಿಸಿಕೊಂಡರೆಂಬ ದಾಖಲೆಯೂ ಉಳಿಯುತ್ತದೆ.

ಗಡಿಭಾಗದಲ್ಲಿ ಈ ಬದಲಾವಣೆಗೆ ಭಾಷೆಯ ಪ್ರಶ್ನೆಯೂ ಇದೆ. ಒಬ್ಬಳೇ ಆಯಾಳ ಹೆಸರು ಕನ್ನಡ, ದೇವನಾಗರಿ, ರೋಮನ್ ಲಿಪಿಗಳಲ್ಲಿದ್ದರೆ ಯಂತ್ರಕ್ಕೆ ಅವಳು ಮೂವರು. ಆದಕಾರಣ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಅಗತ್ಯ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕನ್ನಡ ಪಟ್ಟಿ ಮೊಬೈಲಿನಲ್ಲಿ ಅರ್ಥಹೀನ ಚಿಹ್ನೆಗಳಾಗುವುದುಂಟು. ಯೂನಿಕೋಡಿನಲ್ಲಿ ಬರೆದರೆ ಆ ತೊಡಕಿಲ್ಲ.

ಇದಕ್ಕಿಂತ ಗಹನವಾದುದು ಆರೈಕೆಯ ಭಾಷೆ. ಮರೆವಿನ ಕಾಯಿಲೆ ಬೆಳೆದಂತೆ ಅನೇಕ ಹಿರಿಯರು ನಂತರ ಕಲಿತ ಭಾಷೆಯನ್ನು ಬಿಟ್ಟು ತಾಯ್ನುಡಿಗೆ ಮರಳುತ್ತಾರೆ. ಜೀವಮಾನವಿಡೀ ಮರಾಠಿಯಲ್ಲಿ ವ್ಯವಹರಿಸಿದ ಅಜ್ಜಿ ನಡುರಾತ್ರಿ ನೀರು ಕೇಳುವುದು ಕನ್ನಡದಲ್ಲಿ. ಮರಾಠಿ, ಕನ್ನಡ, ತೆಲುಗು, ಉರ್ದು ಬೆರೆತ ಸೊಲ್ಲಾಪುರದಲ್ಲಿ ಸಿಬ್ಬಂದಿಯ ಹೆಸರಿನೊಡನೆ ಅವರು ಬಲ್ಲ ಭಾಷೆಗಳನ್ನೂ ದಾಖಲಿಸಿದರೆ, ಪ್ರತಿ ಪಾಳಿಯಲ್ಲೂ ಆ ಮಾತು ತಿಳಿಯುವವರೊಬ್ಬರು ಇರುವಂತೆ ನೋಡಿಕೊಳ್ಳಬಹುದು.

ಬದಲಾವಣೆ ಒಂದೇ ದಿನದಲ್ಲಿ ಆಗತಕ್ಕದ್ದಲ್ಲ. ಮೊದಲ ಕೆಲವು ವಾರ ಎರಡೂ ಪಟ್ಟಿಗಳನ್ನು ಜೊತೆಯಾಗಿ ನಡೆಸಿ ತಾಳೆ ನೋಡಬೇಕು. ಪಟ್ಟಿ ತಿದ್ದುವ ಅಧಿಕಾರ ಯಾರದೆಂದು ಮೊದಲೇ ನಿಶ್ಚಯಿಸಬೇಕು. ವಿದ್ಯುತ್ ಹೋದಾಗಲೂ, ಸ್ಮಾರ್ಟ್‌ಫೋನ್ ಇಲ್ಲದವರಿಗೂ ಕಾಣುವಂತೆ ಕನ್ನಡ ಹಾಗೂ ಮರಾಠಿಯ ಮುದ್ರಿತ ಪ್ರತಿ ಗೋಡೆಯ ಮೇಲಿರಬೇಕು. ಪರದೆಯ ಮೇಲಿನ ಪದಗಳೂ ಪರಿಚಿತವಾಗಿರಬೇಕು: ‘ಅನುಪಸ್ಥಿತಿ ಕೋರಿಕೆ’ ಎಂದರೆ ಹಿಂಜರಿಯುವ ಕೈ, ‘ಸೂಟಿ ಅರ್ಜಿ’ ಎಂದರೆ ತಡವಿಲ್ಲದೆ ಗುಂಡಿ ಒತ್ತುತ್ತದೆ. ಇಂತಹ ಪದಗಳನ್ನು ಆರಿಸಿಕೊಡುವುದು ಗಡಿಭಾಗದ ಕನ್ನಡ ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ.