ಪರದೆಯ ಹಿಂದಿನ ಸೂಜಿ-ದಾರ

ನಾಟಕ ನೋಡಿಕೊಂಡು ಮನೆಗೆ ಬರುವಾಗ ನಾವು ಏನೇನು ಮಾತಾಡಿಕೊಳ್ಳುತ್ತೇವೆ? ರಾಜನ ಪಾತ್ರದವನ ಕಂಠ ಚೆನ್ನಾಗಿತ್ತು, ರಾಣಿ ಸ್ವಲ್ಪ ಗಾಬರಿಯಾಗಿದ್ದಳು, ಹಾರ್ಮೋನಿಯಂ ಜೋರಾಯಿತು. "ಆ ಜರಿ ಅಂಗಿ ಎಷ್ಟು ಚೆನ್ನಾಗಿತ್ತು ಅಲ್ವೇನ್ರೀ" ಅಂತ ಒಂದು ಮಾತೂ ಬಂದೀತು. ಆದರೆ ಆ ಅಂಗಿಯನ್ನು ಅವನಿಗೆ ತೊಡಿಸಿದವರು ಯಾರು, ಅರ್ಧ ನಿಮಿಷದಲ್ಲಿ ಅದನ್ನು ಕಳಚಿ ಕಾವಿ ಉಡಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳದೆ ಇದ್ದರೆ ಅವರ ಕೆಲಸ ಸರಿಯಾಗಿ ನಡೆದಿದೆ ಎಂದೇ ಅರ್ಥ ಅನ್ನಿ!

ನಮ್ಮೂರಿನ ಹವ್ಯಾಸಿ ತಂಡದಲ್ಲಿ ಈ ಕೆಲಸ ನೋಡಿಕೊಳ್ಳುವವರು ನಾವು ಮೂವರು ಹೆಂಗಸರು. "ಹೊಲಿಗೆ ಬರುತ್ತಲ್ಲ, ಬನ್ನಿ" ಎಂದು ಕರೆದರು, ಹೋದೆವು. ಹೋದ ಮೇಲೆ ಗೊತ್ತಾಯಿತು, ಹೊಲಿಗೆ ಇದರಲ್ಲಿ ಕಾಲುಪಾಲು. ಉಳಿದದ್ದೆಲ್ಲ ಲೆಕ್ಕ.

ಮೊದಲು ನಾಟಕವನ್ನು ಓದಬೇಕು. ಒಂದು ಸಲವಲ್ಲ, ಮೂರು ಸಲ. ಯಾವ ದೃಶ್ಯದಲ್ಲಿ ಯಾರು ಬರುತ್ತಾರೆ, ಯಾವ ಕಡೆಯಿಂದ ಬರುತ್ತಾರೆ, ಏನು ತೊಟ್ಟಿರುತ್ತಾರೆ, ಮತ್ತೆ ಬರುವುದಕ್ಕೆ ನಡುವೆ ಎಷ್ಟು ಹೊತ್ತು ಇದೆ ಎಂದು ಒಂದು ಪಟ್ಟಿ ಬರೆಯಬೇಕು. ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕವನ್ನೇ ತೆಗೆದುಕೊಳ್ಳಿ. ಎಲ್ಲರ ಕಣ್ಣೂ ಸುಲ್ತಾನನ ಮೇಲೆ. ನಮಗೆ ಮಾತ್ರ ತಲೆನೋವು ಅಜೀಜನದು! ಅವನು ಅಗಸ. ಬ್ರಾಹ್ಮಣನ ವೇಷ ಹಾಕಿಕೊಂಡು ಬರುತ್ತಾನೆ, ಆಮೇಲೆ ದರೋಡೆಕೋರನಾಗುತ್ತಾನೆ, ಕೊನೆಗೆ ಖಲೀಫರ ವಂಶದವನೆಂದು ಹೇಳಿಕೊಂಡು ದರ್ಬಾರಿನವರೆಗೂ ನಡೆಯುತ್ತಾನೆ. ಬಟ್ಟೆ ಒಗೆಯುವವನು ಬಟ್ಟೆಯಿಂದಲೇ ಊರಿಗೆಲ್ಲ ಮೋಸ ಮಾಡುವ ಪಾತ್ರವದು. ಅವನ ಉಡುಪು ಎಡವಟ್ಟಾದರೆ ನಾಟಕದ ಅರ್ಥವೇ ಕೆಟ್ಟಂತೆ. 'ಹಯವದನ'ದಲ್ಲಿಯೂ ಹಾಗೆಯೇ. ಇಬ್ಬರ ತಲೆಗಳು ಅದಲುಬದಲಾದಾಗ ಯಾವ ಉಡುಪು ಯಾವ ಮೈಯಲ್ಲಿ ಉಳಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರದಿದ್ದರೆ ಕುಳಿತವರಿಗೆ ಕಥೆ ತಿಳಿಯುವುದು ಕಷ್ಟ.

ಬೇಗ ವೇಷ ಬದಲಿಸುವುದಕ್ಕೆ ಉಪಾಯಗಳಿವೆ. ಗುಂಡಿಗಳು ಹೊರಗೆ ತೋರಿಕೆಗೆ ಮಾತ್ರ, ಒಳಗೆ ಟಿಚ್ ಬಟನ್. ಪಂಚೆಯ ಕಚ್ಚೆಯನ್ನು ಮೊದಲೇ ನೆರಿಗೆ ಹಿಡಿದು ಹೊಲಿದು ಎಲಾಸ್ಟಿಕ್ ಹಾಕಿಬಿಡುತ್ತೇವೆ, ಪ್ಯಾಂಟಿನಂತೆ ಏರಿಸಿದರಾಯಿತು. ಕೆಲವೊಮ್ಮೆ ಎರಡನೆಯ ಅಂಗಿಯನ್ನು ಮೊದಲನೆಯದರ ಒಳಗೇ ತೊಡಿಸಿರುತ್ತೇವೆ. ವೆಲ್ಕ್ರೋ ಪಟ್ಟಿ ಸುಲಭ, ನಿಜ. ಆದರೆ ವೇದಿಕೆಯ ಮೇಲೆ ಸಾವಿನ ದೃಶ್ಯ ನಡೆಯುತ್ತಿರುವಾಗ ಸೈಡ್ ವಿಂಗಿನಿಂದ 'ಪರ್ರ್' ಎಂದು ಸದ್ದು ಬಂದರೆ ಜನ ನಗುತ್ತಾರೆ. ನನಗಂತೂ ಅದು ಬೇಡ. ಬಟ್ಟೆಯನ್ನು ಕತ್ತಲೆಯಲ್ಲಿ ಕುರ್ಚಿಯ ಮೇಲೆ ತೊಡುವ ಕ್ರಮದಲ್ಲೇ ಜೋಡಿಸಿಡಬೇಕು, ಕೊನೆಗೆ ತೊಡುವುದು ಎಲ್ಲಕ್ಕಿಂತ ಕೆಳಗೆ. ನಟ ಕೈ ಚಾಚಿ ಸುಮ್ಮನೆ ನಿಲ್ಲಬೇಕು. ಒಬ್ಬಳು ಮೇಲಿನದು, ಒಬ್ಬಳು ಕೆಳಗಿನದು. ಮಾತಿಲ್ಲ. ನಾವು ಉಡುವುದೂ ಕಪ್ಪು ಸೀರೆಯೋ ಚೂಡಿದಾರವೋ, ಕೈಬಳೆ ತೆಗೆದಿಟ್ಟು ಹೋಗುತ್ತೇವೆ. ಸದ್ದಾಗಬಾರದಲ್ಲ!

ಮನೆಯಲ್ಲಿ ನಾವು ಕಲಿತದ್ದು ಇಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಂದರೆ ಆಶ್ಚರ್ಯವಾಗುತ್ತದೆ. ಅಚ್ಚ ಬಿಳಿ ಬಟ್ಟೆ ದೀಪದ ಬೆಳಕಿಗೆ ಕಣ್ಣು ಕುಕ್ಕುತ್ತದೆ. ತಿಳಿಯಾದ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದರೆ ಹದವಾಗುತ್ತದೆ. ಕೆಂಪು ದೀಪದಡಿ ಹಸಿರು ಸೀರೆ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಬಟ್ಟೆ ಆರಿಸುವ ಮೊದಲು ದೀಪದವರನ್ನು ಕೇಳಬೇಕು. ಮಖಮಲ್ಲಿನ ಮೇಲ್ಮೈಗೆ ಇಸ್ತ್ರಿ ತಾಗಿಸಬಾರದು, ಹಿಂಬದಿಯಿಂದ ಹಬೆ ಹಿಡಿಯಬೇಕು. ಜರಿಗೆ ನುಸಿಗುಳಿಗೆ ತಾಗಿದರೆ ಕಪ್ಪಾಗುತ್ತದೆ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಕುತ್ತಿಗೆಪಟ್ಟಿಗೆ ಬಣ್ಣ ಅಂಟುವುದು ತಪ್ಪುವುದಿಲ್ಲ. ಅದಕ್ಕೇ ಒಳಗೆ, ಕಂಕುಳಿಗೂ ಸಹ, ಬಿಚ್ಚಿ ಒಗೆಯಬಹುದಾದ ಬಟ್ಟೆಯ ಪಟ್ಟಿಯನ್ನು ಕಚ್ಚಾ ಹೊಲಿಗೆಯಲ್ಲಿ ಹಾಕುತ್ತೇವೆ. ಒಗೆಯಲಾಗದ ಭಾರೀ ಉಡುಪುಗಳ ಬೆವರುವಾಸನೆ ಹೋಗಲು ಇಂಗ್ಲೆಂಡ್, ಅಮೆರಿಕದ ರಂಗಮಂದಿರಗಳಲ್ಲಿ ವೋಡ್ಕಾ ಚಿಮುಕಿಸುತ್ತಾರಂತೆ! ನಮ್ಮ ಖಜಾಂಚಿಗಳು ಅಂಥ ಬಿಲ್ಲಿಗೆ ರುಜು ಹಾಕಲಾರರು. ನಮಗೆ ನೆರಳು, ಗಾಳಿಯೇ ಗತಿ.

ಇದು ಹೊಸ ವಿದ್ಯೆಯೇನಲ್ಲ. ಕರಾವಳಿಯ ಯಕ್ಷಗಾನ ಮೇಳಗಳ ಚೌಕಿಯನ್ನು ಒಮ್ಮೆ ಇಣುಕಿ ನೋಡಿ. ಬೇಗಡೆ ಹಚ್ಚಿದ ಹಗುರ ಮರದ ಕಿರೀಟ, ಭುಜಕೀರ್ತಿ, ಎದೆಪದಕಗಳು ಪೆಟ್ಟಿಗೆಯಿಂದ ಹೊರಬಂದು, ಆಟ ಮುಗಿದ ಮೇಲೆ ಅದೇ ಪೆಟ್ಟಿಗೆಗೆ ಸೇರುತ್ತವೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ 'ತಿರುಗಾಟ' ಊರೂರಿಗೆ ನಾಟಕ ಒಯ್ದಾಗ ಉಡುಪಿನ ಪೆಟ್ಟಿಗೆಗಳೂ ಜೊತೆಗೇ ತಿರುಗಬೇಕಾಯಿತು. ಇನ್ನು ಹೆಂಗಸರ ಮಾತು ಬಂದರೆ ಪ್ರೇಮಾ ಕಾರಂತರನ್ನು ನೆನೆಯದೆ ಹೇಗೆ? ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಅವರು ಎಷ್ಟೋ ಕನ್ನಡ ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಿದರು. 'ಫಣಿಯಮ್ಮ' (1983) ಚಿತ್ರದ ನಿರ್ದೇಶಕಿ ಎಂದು ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲೇ ಬಟ್ಟೆ ಮಾತಾಡುತ್ತದೆಂದು ತೋರಿಸಿಕೊಟ್ಟವರು ಎನ್ನುವುದನ್ನು ಕಡಿಮೆ ಜನ ಹೇಳುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಸಣ್ಣ ಊರುಗಳಲ್ಲಿ ಹೆಣ್ಣುಮಕ್ಕಳು ನಾಟಕ ಬಿಡುವುದು ಮಾತು ಮರೆತುಹೋಗುತ್ತದೆ ಅಂತಲ್ಲ. ಬಟ್ಟೆ ಬದಲಿಸಲು ಜಾಗವಿಲ್ಲ ಅಂತ. ಎಷ್ಟೋ ಸಭಾಭವನಗಳಲ್ಲಿ ಹಿಂದೆ ಇರುವುದು ಒಂದೇ ಕೋಣೆ, ಅದಕ್ಕೆ ಚಿಲಕವೂ ಇಲ್ಲ. ನಮ್ಮ ತಂಡದ ಒಬ್ಬ ಹುಡುಗಿಯ ತಾಯಿ ನೇರವಾಗಿ ಹೇಳಿದರು: "ನೋಡಿ, ನನ್ನ ಮಗಳು ಪಾರ್ಟು ಮಾಡೋದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಗಂಡಸರು ಓಡಾಡೋ ಜಾಗದಲ್ಲಿ ಲಂಗ ಬದಲಾಯಿಸು ಅಂದರೆ ನಾನು ಕಳಿಸೋದಿಲ್ಲ." ಅವರ ಮಾತಿನಲ್ಲಿ ತಪ್ಪೇನಿದೆ? ಅಂದಿನಿಂದ ನಮ್ಮ ಪೆಟ್ಟಿಗೆಯಲ್ಲಿ ನಾಲ್ಕು ಗಟ್ಟಿ ಬೆಡ್‌ಶೀಟು, ಹಗ್ಗ, ಮೊಳೆ ಇದ್ದೇ ಇರುತ್ತವೆ. ಹೋದ ಕೂಡಲೇ ಮೂಲೆ ಕಟ್ಟುವುದು ನಮ್ಮ ಮೊದಲ ಕೆಲಸ, ದೀಪ ಕಟ್ಟುವವರಿಗಿಂತ ಮೊದಲು. ಒಬ್ಬಳು ಹೊರಗೆ ಕಾವಲು. ನಿರ್ದೇಶಕರೇ ಬರಲಿ, ಅಧ್ಯಕ್ಷರೇ ಬರಲಿ, ಕೇಳದೆ ಒಳಗೆ ಬಿಡುವುದಿಲ್ಲ. ಮೊಬೈಲ್ ಫೋನುಗಳನ್ನೂ ಆ ಮೂಲೆಯೊಳಗೆ ಬಿಡುವುದಿಲ್ಲ. ಆ ಹುಡುಗಿ ಈಗಲೂ ನಮ್ಮ ನಾಟಕಗಳಲ್ಲಿದ್ದಾಳೆ.

ಹಣದ ವಿಷಯವೂ ಇದೆ. ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತಂದ ಕಿರೀಟಕ್ಕೆ ರಸೀದಿ, ಮೈಕಿನವರಿಗೆ ಮುಂಗಡ. ಬಟ್ಟೆ ನೋಡಿಕೊಂಡ ಹೆಂಗಸರಿಗೆ ಮಾತ್ರ ಎಲೆಅಡಿಕೆ, ಒಂದು ಮೊಳ ಮಲ್ಲಿಗೆ! ನಾವು ಜಗಳ ಆಡಲಿಲ್ಲ. ದಾರ, ಪಿನ್ನು, ಇಸ್ತ್ರಿ, ಆಟೋ ಖರ್ಚೆಲ್ಲ ಒಂದು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳ ಕೈಗಿತ್ತೆವು. ಮುಂದಿನ ನಾಟಕದಲ್ಲಿ ಖರ್ಚಿನ ಹಣ ಬಂತು, ಆಹ್ವಾನಪತ್ರಿಕೆಯಲ್ಲಿ 'ವಸ್ತ್ರ ನಿರ್ವಹಣೆ' ಎಂದು ಮೂವರ ಹೆಸರೂ ಬಂತು. ಸಂಭಾವನೆಯ ಮಾತು ಇನ್ನೂ ನಡೆಯುತ್ತಿದೆ. ನಿಮ್ಮೂರಲ್ಲೂ ಕರೆ ಬಂದರೆ, ಒಪ್ಪಿಕೊಳ್ಳುವ ಮೊದಲೇ ಇದನ್ನು ಕೇಳಿಬಿಡಿ. ಆಮೇಲೆ ಕೇಳುವುದಕ್ಕೆ ನಮಗೆ ಸಂಕೋಚ, ಕೊಡುವುದಕ್ಕೆ ಅವರಿಗೆ ಮರೆವು.

ಪರದೆ ಬಿದ್ದ ಮೇಲೆ ನಟರು ಹಾರ ಹಾಕಿಕೊಂಡು ಫೋಟೋಕ್ಕೆ ನಿಲ್ಲುತ್ತಾರೆ. ಆಗ ನಮಗೆ ಪಟ್ಟಿಯ ಎರಡನೆಯ ಸುತ್ತು. ಒದ್ದೆಯಾದದ್ದು ಬೇರೆ, ಒಣಗಿದ್ದು ಬೇರೆ, ಹರಿದದ್ದಕ್ಕೆ ಕೆಂಪು ದಾರದ ಗುರುತು. ಬೆವರಿದ ಬಟ್ಟೆಯನ್ನು ಆ ರಾತ್ರಿಯೇ ಪೆಟ್ಟಿಗೆಗೆ ತುಂಬಿದರೆ ಬೆಳಿಗ್ಗೆ ಬೂಷ್ಟು, ಎಷ್ಟೇ ನಿದ್ದೆ ಬಂದರೂ ಹಗ್ಗದ ಮೇಲೆ ಹರವಿಯೇ ಹೊರಡಬೇಕು. ಬಾಡಿಗೆ ಸಾಮಾನನ್ನು ಒಂದೊಂದಾಗಿ ಎಣಿಸಬೇಕು. ಸಾಮಾನ್ಯವಾಗಿ ಒಂದು ಕಿರೀಟ ಕಡಿಮೆ ಬರುತ್ತದೆ. ಗಾಬರಿಯಾಗಬೇಡಿ. ಮರಿಕೃಷ್ಣನ ಪಾರ್ಟಿನ ಮಗು ಅದನ್ನು ತಲೆಯ ಮೇಲಿಟ್ಟುಕೊಂಡೇ ಅಪ್ಪನ ಹೆಗಲಮೇಲೆ ಮಲಗಿ ಮನೆಗೆ ಹೋಗಿರುತ್ತದೆ.