ನಿಮಗಿದು ಗೊತ್ತೇ? ಕಾವು ಪೆಟ್ಟಿಗೆಯ ತೇವದ ಲೆಕ್ಕ

ಕೋಳಿ ತತ್ತಿ ಮರಿಯಾಗಬೇಕಾದರೆ ಮೊದಲು ಹಗುರಾಗಬೇಕು. ಕಾವಿಗೆ ಇಟ್ಟ ದಿನದಿಂದ 18ನೇ ದಿನದೊಳಗೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 12ರಷ್ಟು ನೀರು ಆವಿಯಾಗಿ ಹೋಗಬೇಕು. 55 ಗ್ರಾಂ ತತ್ತಿಗೆ ಇದು ಆರೂವರೆ ಗ್ರಾಂ ಆಸುಪಾಸು. ಈ ನೀರು ಹೊರಹೋಗುವುದು ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ. ಮರಿಗೆ ಬೇಕಾದ ಆಮ್ಲಜನಕ ಒಳಬರುವುದೂ ಅದೇ ದಾರಿಯಲ್ಲಿ.

ನೀರು ಹೋದ ಜಾಗಕ್ಕೆ ಗಾಳಿ ಬರುತ್ತದೆ. ತತ್ತಿಯ ದಪ್ಪ ತುದಿಯಲ್ಲಿರುವ ಗಾಳಿಗೂಡು ದಿನದಿಂದ ದಿನಕ್ಕೆ ದೊಡ್ಡದಾಗುವುದನ್ನು ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದೇ ನೋಡಬಹುದು. ಮರಿ ತನ್ನ ಮೊದಲ ಉಸಿರು ತೆಗೆದುಕೊಳ್ಳುವುದು ಈ ಗೂಡಿನಲ್ಲಿ. ಚಿಪ್ಪು ಒಡೆಯುವುದು ಆಮೇಲೆ.

ಮೊದಲ 18 ದಿನ 45ರಿಂದ 55 ಶೇಕಡಾ ತೇವಾಂಶ, ಕೊನೆಯ 3 ದಿನ 65ರಿಂದ 70. ಈ ಅಂಕಿ ಎಲ್ಲ ಊರಿಗೂ ಒಂದೇ. ಆದರೆ ಅದನ್ನು ಮುಟ್ಟಲು ಎಷ್ಟು ನೀರಿಡಬೇಕು ಎಂಬುದು ಊರಿಂದ ಊರಿಗೆ ಬೇರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಚಿಕ್ಕ ಫ್ಯಾನು ಜೋಡಿಸಿ ಮರಿ ಮಾಡಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಗಾಳಿ ಬಿಸಿಯಾದಷ್ಟೂ ಅದು ಹಿಡಿಯಬಲ್ಲ ಆವಿಯ ಪ್ರಮಾಣ ಏರುತ್ತದೆ. ಒಳಗಿರುವ ಆವಿ ಅಷ್ಟೇ ಇದ್ದರೂ ತೇವ ಅಳೆಯುವ ಮೀಟರಿನ ಶೇಕಡಾ ಇಳಿಯುತ್ತದೆ. ಜನವರಿಯ ನಸುಕಿನಲ್ಲಿ ಹೊರಗೆ 15 ಡಿಗ್ರಿ, ತೇವಾಂಶ 80 ಇದೆ ಎನ್ನೋಣ. ಜೋಳದ ಹೊಲದಲ್ಲಿ ಇಬ್ಬನಿ ಸುರಿದಿರುತ್ತದೆ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾದಾಗ ತೇವಾಂಶ ಬರೀ 21! ಏಪ್ರಿಲ್ ಮಧ್ಯಾಹ್ನ ಹೊರಗೆ 38 ಡಿಗ್ರಿ, ತೇವಾಂಶ 20 ಇದ್ದರೆ ಪೆಟ್ಟಿಗೆಯೊಳಗೂ 20ರ ಹತ್ತಿರವೇ. ಮೈಗೆ ತಣ್ಣಗೆ ಹತ್ತುವ ನಸುಕೂ ಸುಡುವ ಮಧ್ಯಾಹ್ನವೂ ತತ್ತಿಯ ಪಾಲಿಗೆ ಒಂದೇ ಒಣಹವೆ. ಚಳಿಗಾಲದಲ್ಲಿ ನೀರಿನ ತಟ್ಟೆ ಬೇಡವೆಂದು ತೆಗೆದಿಡುವವರು ದಯವಿಟ್ಟು ಈ ಲೆಕ್ಕವನ್ನು ಮತ್ತೊಮ್ಮೆ ಓದಬೇಕು.

ಮಳೆಗಾಲ ಬೇರೆ. ಶ್ರಾವಣದಲ್ಲಿ ಹೊರಗೆ 24 ಡಿಗ್ರಿ, ತೇವಾಂಶ 90 ಇದ್ದರೆ ನೀರಿಡದೆಯೇ ಪೆಟ್ಟಿಗೆಯೊಳಗೆ 42 ಬಂದಿರುತ್ತದೆ. ಆಗ ಒಂದು ಚಿಕ್ಕ ಬಟ್ಟಲು ಸಾಕು. ಇನ್ನು ಮಂಗಳೂರು, ಕಾಸರಗೋಡಿನ ಕಡೆ ಮಳೆಗಾಲದ 28 ಡಿಗ್ರಿ, 90 ತೇವಾಂಶದ ಗಾಳಿ ಕಾದರೂ 53ಕ್ಕೆ ನಿಲ್ಲುತ್ತದೆ. ಅಲ್ಲಿಯವರು ವಿಡಿಯೋದಲ್ಲಿ ‘ನೀರೇ ಬೇಡ’ ಎಂದರೆ ಮೊದಲ 18 ದಿನದ ಮಟ್ಟಿಗೆ ಅಲ್ಲಿ ಅದು ನಿಜ. ಮೂಡಲಗಿಯ ಮಾರ್ಚ್ ತಿಂಗಳಿಗೆ ಅದನ್ನು ಅನ್ವಯಿಸಿದರೆ ಮರಿ ಚಿಪ್ಪಿನೊಳಗೇ ಒಣಗುತ್ತದೆ.

ತೇವ ಏರಿಸಲು ನೀರಿನ ಆಳ ಉಪಯೋಗಕ್ಕಿಲ್ಲ, ಅಗಲ ಬೇಕು. ತಂಬಿಗೆ ತುಂಬ ನೀರಿಗಿಂತ ಊಟದ ತಟ್ಟೆಯಲ್ಲಿ ಬೆರಳು ದಪ್ಪ ನೀರು ಹೆಚ್ಚು ಆವಿ ಕೊಡುತ್ತದೆ. ತಟ್ಟೆಯಲ್ಲಿ ಸ್ಪಂಜು ನಿಲ್ಲಿಸಿದರೆ ಇನ್ನೂ ಹೆಚ್ಚು. ತಟ್ಟೆಗೆ ಮತ್ತೆ ಸುರಿಯುವ ನೀರು ಉಗುರುಬೆಚ್ಚಗಿರಲಿ. ತಣ್ಣೀರು ಪೆಟ್ಟಿಗೆಯ ಕಾವನ್ನೇ ಎಳೆದುಕೊಳ್ಳುತ್ತದೆ.

ಗೋಕಾಕಕ್ಕೆ ತೇವದ ಲೆಕ್ಕ ಹೊಸದಲ್ಲ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾದದ್ದು 1880ರ ದಶಕದಲ್ಲಿ. ಹವೆ ಒಣಗಿದರೆ ಹತ್ತಿಯ ನೂಲು ಪದೇ ಪದೇ ಹರಿಯುತ್ತದೆ, ಹಾಗಾಗಿ ನೂಲುವ ಕೋಣೆಯ ಗಾಳಿಗೆ ತೇವ ಕೂಡಿಸುವುದು ಗಿರಣಿಗಳ ರೂಢಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ 15ನೇ ಕಲಂ ಇದ್ದದ್ದೇ ಇದಕ್ಕಾಗಿ. ಹಾಗೆ ಕೂಡಿಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕು, ಇಲ್ಲವೇ ಶುದ್ಧ ಮಾಡಿದ್ದಾಗಿರಬೇಕು ಎನ್ನುತ್ತಿತ್ತು ಆ ಕಲಂ. ಮನೆಯ ಪೆಟ್ಟಿಗೆಗೂ ಇದು ಒಪ್ಪುವ ಮಾತು. ಬೋರ್‌ವೆಲ್‌ನ ಗಡಸು ನೀರು ತಟ್ಟೆಯಲ್ಲಿ, ಸ್ಪಂಜಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನು 21 ದಿನಕ್ಕೆ ಬೇಕಾದಷ್ಟಾಯಿತು.

ಅಗ್ಗದ ಹ್ಯುಮಿಡಿಟಿ ಮೀಟರು ಸುಳ್ಳು ತೋರಿಸುತ್ತಿದೆಯೇ? ಅಡುಗೆ ಉಪ್ಪಿನಿಂದ ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ಹಸಿಯಾಗುವಷ್ಟೇ ನೀರು ಬೆರೆಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಮೀಟರು 75 ತೋರಿಸಬೇಕು. 68 ಎಂದರೆ ಅದರ ಅಂಕಿಗೆ 7 ಕೂಡಿಸಿಕೊಳ್ಳಿ.

ಮೀಟರೇ ಇಲ್ಲದಿದ್ದರೂ ಚಿಂತೆಯಿಲ್ಲ. ಎರಡನೇ ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬತ್ತಿ ಸುತ್ತಿ, ಫ್ಯಾನಿನ ಗಾಳಿ ತಾಗುವಲ್ಲಿ ಇಡಿ. ಒಣ ಥರ್ಮಾಮೀಟರು 37.5 ತೋರಿಸುವಾಗ ಒದ್ದೆಯದು 28–29 ಇದ್ದರೆ ತೇವಾಂಶ 50ರ ಹತ್ತಿರ. 31–32 ಇದ್ದರೆ ಕೊನೆಯ ಮೂರು ದಿನಕ್ಕೆ ಸರಿ.

ಇಷ್ಟೆಲ್ಲ ಇದ್ದರೂ ಕೊನೆಯ ತೀರ್ಪು ತಕ್ಕಡಿಯದು. 30 ತತ್ತಿಗಳನ್ನು ಟ್ರೇ ಸಮೇತ ತೂಗಿ, ಟ್ರೇ ತೂಕ ಕಳೆಯಿರಿ. 1650 ಗ್ರಾಂ ಬಂದರೆ ದಿನಕ್ಕೆ ಸರಾಸರಿ 11 ಗ್ರಾಂ ಇಳಿಯಬೇಕು. 7ನೇ ದಿನ 77 ಗ್ರಾಂ ಇಳಿಯುವ ಬದಲು 40 ಇಳಿದಿದೆಯೇ? ತಟ್ಟೆ ಚಿಕ್ಕದು ಮಾಡಿ. 110 ಇಳಿದಿದೆಯೇ? ಇನ್ನೊಂದು ತಟ್ಟೆ ಇಡಿ. ಮೀಟರಿನ ಮೇಲೆ ಜಗಳಾಡುವ ಬದಲು ಈ ಅಭ್ಯಾಸ ಬೆಳೆಸಿಕೊಂಡವರ ಮರಿಗಳು ಹೆಚ್ಚು ಉಳಿಯುತ್ತವೆ.

ಕಾವಿಗೆ ಇಡುವ ಮುನ್ನ ತತ್ತಿ ತೊಳೆಯಬೇಡಿ. ಚಿಪ್ಪಿನ ಮೇಲೆ ಹುಟ್ಟಿನಿಂದಲೇ ಒಂದು ತೆಳುಪದರವಿದ್ದು, ರೋಗಾಣುಗಳನ್ನು ತಡೆಯುತ್ತದೆ.

ಕೋಳಿಗೆ 21 ದಿನ, ಬಾತುಕೋಳಿಗೆ 28, ಜಪಾನಿ ಗೌಜಲಿಗೆ 17–18. ಒಂದೇ ಪೆಟ್ಟಿಗೆಯಲ್ಲಿ ಬೆರೆಸಿದರೆ ಒಂದಕ್ಕೆ ಬೇಕಾದ ತೇವ ಇನ್ನೊಂದಕ್ಕೆ ಹೆಚ್ಚಾಗುತ್ತದೆ.

ಕರೆಂಟು ಒಂದು ತಾಸು ಹೋಯಿತೆಂದು ಗಾಬರಿ ಬೇಡ. ಕಾವಿಗೆ ಕೂತ ಹ್ಯಾಟೆ ಕೂಡ ದಿನಕ್ಕೊಮ್ಮೆ ಮೇವಿಗೆ ಎದ್ದು ಹೋಗುತ್ತದೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.

‘ಒಳಗ ಚಿಂವ್ ಚಿಂವ್ ಅಂತಾವ್ರೀ, ಹೊರಗ ಬರವಲ್ವು’ ಎಂದು 21ನೇ ದಿನ ಮುಚ್ಚಳ ತೆರೆಯುವವರೇ ಹೆಚ್ಚು. ಬಿರುಕು ಬಿಟ್ಟ ಮೇಲೆ ಹೊರಬರಲು 12ರಿಂದ 24 ತಾಸು ಹಿಡಿಯುವುದು ಸಹಜ. ಮುಚ್ಚಳ ತೆರೆದ ಕ್ಷಣದಲ್ಲಿ ಒಳಗಿನ ತೇವ ಹಾರಿಹೋಗುತ್ತದೆ. ಬಿರುಕಿನಲ್ಲಿ ಕಾಣುವ ಬಿಳಿ ಪೊರೆ ಒಣಗಿ ತೊಗಲಿನಂತೆ ಬಿಗಿದುಕೊಳ್ಳುತ್ತದೆ, ಮರಿ ಸುತ್ತು ತಿರುಗಲಾರದೆ ಸಾಯುತ್ತದೆ. ಮೊದಲು ಹೊರಬಂದ ಮರಿಗಳಿಗೆ ಹಸಿವಾದೀತೆಂಬ ಭಯವೂ ಬೇಡ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಭಾಗ ಎರಡು ದಿನ ಸಾಕುತ್ತದೆ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ದೂರದೂರಿಗೆ ಕಳಿಸಲು ಸಾಧ್ಯವಾಗುವುದು ಇದರಿಂದಲೇ.

ಮರಿಯಾಗದೆ ಉಳಿದ ತತ್ತಿಗಳನ್ನು ತಿಪ್ಪೆಗೆ ಎಸೆಯುವ ಮುನ್ನ ಒಂದೆರಡು ಒಡೆದು ನೋಡಿ. ಮರಿ ಉಬ್ಬಿ ಚಿಪ್ಪಿನ ತುಂಬ ಒತ್ತಿಕೊಂಡು, ಸುತ್ತ ನೀರು ಉಳಿದು, ಗಾಳಿಗೂಡು ಚಿಕ್ಕದಿದ್ದರೆ ತೇವ ಹೆಚ್ಚಾಗಿತ್ತು. ಮರಿ ಚಿಕ್ಕದಾಗಿ, ಪೊರೆ ಮೈಗಂಟಿ, ಗಾಳಿಗೂಡು ತತ್ತಿಯ ಮೂರನೇ ಒಂದು ಪಾಲನ್ನೂ ಮೀರಿ ನುಂಗಿದ್ದರೆ ತೇವ ಕಡಿಮೆಯಾಗಿತ್ತು. ಯಾವ ತಿಂಗಳು, ಎಷ್ಟು ದೊಡ್ಡ ತಟ್ಟೆ ಇಟ್ಟಿದ್ದಿರಿ ಎಂಬುದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡಿ.