ಅತಿವಾಹಕ ತಂತಿಯ ಸಾಮರ್ಥ್ಯ: ತಾಪ, ಕಾಂತಕ್ಷೇತ್ರ, ವಿಕೃತಿ

‘ಅತಿವಾಹಕ’ ಎಂಬ ಪಾರಿಭಾಷಿಕ ಪದವು ವಸ್ತುವೊಂದರ ಸ್ಥಿರ ಗುಣವನ್ನು ಹೇಳುವಂತೆ ತೋರುತ್ತದೆ. ವಸ್ತುತಃ ಅದು ಸೂಚಿಸುವುದು ಷರತ್ತುಬದ್ಧವಾದ ಒಂದು ಸ್ಥಿತಿಯನ್ನು. 1911ರಲ್ಲಿ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಆನ್ನೆಸ್ ಅವರು, ಪಾದರಸದ ವಿದ್ಯುತ್ ರೋಧವು ಸುಮಾರು 4.2 ಕೆಲ್ವಿನ್ ತಾಪದಲ್ಲಿ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಥಟ್ಟನೆ ಇಲ್ಲವಾಗುವುದನ್ನು ಕಂಡರು. ಇಂತಹ ತಂತಿಯಿಂದ ಪ್ರಬಲ ಕಾಂತಗಳನ್ನು ನಿರ್ಮಿಸಬಹುದೆಂಬ ನಿರೀಕ್ಷೆ ಬಹುಕಾಲ ಕೈಗೂಡಲಿಲ್ಲ. ಸೀಸದಂತಹ ಲೋಹಗಳಲ್ಲಿ ಅಲ್ಪ ಕಾಂತಕ್ಷೇತ್ರವೇ ಅತಿವಾಹಕತೆಯನ್ನು ಅಳಿಸಿಬಿಡುತ್ತಿತ್ತು.

ನಿರ್ದಿಷ್ಟ ತಾಪ ಹಾಗೂ ಕಾಂತಕ್ಷೇತ್ರದಲ್ಲಿ ತಂತಿಯು ರೋಧವಿಲ್ಲದೆ ಸಾಗಿಸಬಲ್ಲ ಗರಿಷ್ಠ ಪ್ರವಾಹವೇ ‘ಕ್ರಾಂತಿಕ ಪ್ರವಾಹ’. ತಾಪ ಏರಿದಂತೆ, ಕ್ಷೇತ್ರ ಬಲಗೊಂಡಂತೆ ಅದು ಕುಗ್ಗುತ್ತದೆ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕುಂಜ್ಲರ್ ಮತ್ತು ಸಂಗಡಿಗರು, ನಯೋಬಿಯಂ-ತವರ ಸಂಯುಕ್ತವು 8.8 ಟೆಸ್ಲಾ ಕ್ಷೇತ್ರದಲ್ಲಿಯೂ ಅತಿವಾಹಕವಾಗಿ ಅಪಾರ ಪ್ರವಾಹವನ್ನು ಒಯ್ಯುವುದನ್ನು ತೋರಿಸಿದರು. ಪ್ರಬಲ ಕಾಂತಗಳ ನಿರ್ಮಾಣಕ್ಕೆ ದಾರಿ ತೆರೆದದ್ದು ಈ ಶೋಧ.

ಆದರೆ ಈ ಸಂಯುಕ್ತವು ಪೆಡಸು, ಬಾಗಿಸಿದರೆ ಬಿರಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಲೋಹಗಳನ್ನು ಮೊದಲು ತಂತಿಯಾಗಿ ಎಳೆದು, ಸುರುಳಿ ಸುತ್ತಿ, ಅನಂತರ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ದಿನ ಕಾಯಿಸಿ ಸಂಯುಕ್ತವನ್ನು ಒಳಗೇ ರೂಪಿಸಲಾಗುತ್ತದೆ. ತಣಿಸುವಾಗ ಸುತ್ತಲಿನ ತಾಮ್ರ, ಕಂಚುಗಳು ಹೆಚ್ಚು ಕುಗ್ಗಿ ಒಳಗಿನ ಎಳೆಗಳನ್ನು ಅದುಮುತ್ತವೆ. ಉದ್ದದಲ್ಲಾಗುವ ಇಂತಹ ಸಾಪೇಕ್ಷ ವ್ಯತ್ಯಾಸವೇ ‘ವಿಕೃತಿ’. ಶೇಕಡಾ ಒಂದಕ್ಕಿಂತ ಕಡಿಮೆ ವಿಕೃತಿಯೂ ಕ್ರಾಂತಿಕ ಪ್ರವಾಹವನ್ನು ಗಣನೀಯವಾಗಿ ತಗ್ಗಿಸಬಲ್ಲದು. ಹೀಗೆ ಅದುಮಿಹೋದ ತಂತಿಯನ್ನು ಹದವಾಗಿ ಎಳೆದರೆ ಪ್ರವಾಹ ಮೊದಲು ಹೆಚ್ಚುತ್ತದೆ. ಒಳಗಿನ ಅದುಮು ತೀರಿದ ಮೇಲೆ ಇಳಿಯುತ್ತದೆ. ಎಳೆತ ಮಿತಿಮೀರಿದರೆ ಎಳೆಗಳು ಬಿರಿದು ಹಾನಿ ಶಾಶ್ವತವಾಗುತ್ತದೆ.

ಈ ಸೂಕ್ಷ್ಮತೆಯ ಪರಿಣಾಮ ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ‘ಈಟರ್’ ಸಮ್ಮಿಲನ ಸ್ಥಾವರದ ಸಿದ್ಧತೆಯಲ್ಲಿ ಎದ್ದುಕಂಡಿತು. ಭಾರತವೂ ಇದರ ಪಾಲುದಾರ. ಇದರ ಕೇಂದ್ರ ಸುರುಳಿಯು 13 ಟೆಸ್ಲಾ ಕ್ಷೇತ್ರವನ್ನು ಪದೇ ಪದೇ ತಾಳಬೇಕು. 2010ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಿಲ್ಲಿಗೆನ್‌ನಲ್ಲಿ ಪರೀಕ್ಷಿಸಿದ ಕೇಬಲ್ ಮಾದರಿಗಳು ಪ್ರತಿ ಆವರ್ತನದೊಂದಿಗೆ ಕ್ಷೀಣಿಸತೊಡಗಿದವು. ಪ್ರವಾಹ ಮತ್ತು ಕಾಂತಕ್ಷೇತ್ರಗಳು ಕೂಡಿ ಹುಟ್ಟಿಸುವ ಬಲವು ಕೇಬಲಿನೊಳಗಿನ ತಂತಿಗಳನ್ನು ಬಾಗಿಸುತ್ತಿತ್ತು. ಪರಿಹಾರ ದೊರೆತದ್ದು ಹೊಸ ವಸ್ತುವಿನಿಂದಲ್ಲ, ಹುರಿಯನ್ನು ಬಿಗಿಗೊಳಿಸಿ ತಂತಿಗಳು ಒಂದಕ್ಕೊಂದು ಆಸರೆಯಾಗುವಂತೆ ಮಾಡಿದ್ದರಿಂದ.

ಆದುದರಿಂದ ಅತಿವಾಹಕ ತಂತಿಯ ಸಾಮರ್ಥ್ಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಅಪೂರ್ಣ. ಎಷ್ಟು ತಾಪದಲ್ಲಿ, ಎಂತಹ ಕ್ಷೇತ್ರದಲ್ಲಿ, ಎಷ್ಟು ವಿಕೃತಿಯಲ್ಲಿ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ದೊರೆತಾಗಲೇ ಆ ಪದಕ್ಕೆ ಅರ್ಥ ತುಂಬುತ್ತದೆ.